ಅ ದಿಂದ ಳ ವರೆಗೆ ಬರುತ್ತೆ, ‘ಸರ’ ಓದೋಕೆ ಬರಲ್ಲ: ಯಾಕೆ?

ಪ್ರಶ್ನೆ: ಮೇಡಂ, ಮಗಳು ಯುಕೆಜಿ. ಅ ಆ ಇ ಈ ಯಿಂದ ಳ ವರೆಗೆ ತಡವರಿಸದೆ ಹೇಳ್ತಾಳೆ, ನೋಡದೆ ಬರೀತಾಳೆ. ಆದರೆ ‘ಸರ’ ಅಂತ ಬರೆದು ತೋರಿಸಿದರೆ ಸುಮ್ಮನೆ ನಿಂತುಬಿಡ್ತಾಳೆ. ಕಾಗುಣಿತ ಶುರು ಮಾಡಿದರೆ ಸರಿಹೋಗುತ್ತಾ?

ಸರಿಹೋಗಲ್ಲ. ಕಾಗುಣಿತವನ್ನೂ ‘ಕ ಇಳಿ ಕಾ, ಕ ಗುಡಿಸು ಕಿ’ ಎಂದು ರಾಗವಾಗಿ ಒಪ್ಪಿಸುತ್ತಾಳೆ. ‘ಗಿಡ’ ಎಂದು ಬರೆದು ತೋರಿಸಿ, ಮತ್ತೆ ಮೌನ.

ಪ್ರತಿ ಜೂನ್‌ನಲ್ಲಿ ಇದೇ ಪ್ರಶ್ನೆ, ನನ್ನದೂ ಅದೇ ಉತ್ತರ. ಇವತ್ತೇ ಒಂದು ಪರೀಕ್ಷೆ ಮಾಡಿ. ಚಾರ್ಟ್ ಮುಂದೆ ನಿಲ್ಲಿಸಿ ‘ಮ ಎಲ್ಲಿದೆ?’ ಎಂದು ಕೇಳಿ ಅವಳ ತುಟಿ ಗಮನಿಸಿ. ‘ಪ ಫ ಬ ಭ...’ ಎಂದು ಒಳಗೊಳಗೇ ಹೇಳಿಕೊಂಡು ಬಂದು ಐದನೆಯದಕ್ಕೆ ಬೆರಳಿಡುತ್ತಾಳೆ. ಅವಳಿಗೆ ಗೊತ್ತಿರುವುದು ಮ ಇರುವ ಜಾಗ. ‘ಸರ’ದಲ್ಲಿ ಸ ಆದ ಮೇಲೆ ಹ ಬರುವುದಿಲ್ಲ, ರ ಬರುತ್ತೆ. ಸಾಲು ತಪ್ಪಿತು, ಮಗು ನಿಂತಿತು.

ವರ್ಣಮಾಲೆ ಪೂರ್ತಿ ಬಾಯಿಪಾಠ ಆಗದೆ ಓದು ಶುರುವಾಗುವುದಿಲ್ಲ ಎಂಬ ನಂಬಿಕೆ ಮಾತ್ರ ಎಷ್ಟು ಕಿತ್ತರೂ ಚಿಗುರುತ್ತೆ. ಆ ಕ್ರಮವನ್ನು ಮಾಡಿದವರು ವೈಯಾಕರಣಿಗಳು. ಎಂಥ ಚಂದದ ಕೆಲಸ ನೋಡಿ: ಕ ಗಂಟಲ ಹತ್ತಿರ, ಚ ಅಂಗುಳಕ್ಕೆ, ಟ ನಾಲಿಗೆ ಮಡಚಿ, ತ ಹಲ್ಲಿಗೆ, ಪ ತುಟಿಗೆ. ಬಾಯೊಳಗೆ ಹಿಂದಿನಿಂದ ಮುಂದಕ್ಕೆ ಒಂದು ಪ್ರಯಾಣ. ಹೈಸ್ಕೂಲಿನಲ್ಲಿ ಇದನ್ನು ಹೇಳಿಕೊಡುವಾಗ ನನಗೆ ಈಗಲೂ ಹೆಮ್ಮೆ. ನಿಘಂಟು ತೆರೆಯುವವರಿಗೂ ಇದು ಬೇಕೇ ಬೇಕು. ನಾಲ್ಕೂವರೆ ವರ್ಷದ ಮಗು ನಿಘಂಟು ತೆರೆಯುತ್ತದೆಯೇ?

ಬರೆಯುವ ಕೈಯನ್ನೂ ನೋಡಿ. ಮೊದಲ ದಿನವೇ ಅ, ಅದರ ಬೆನ್ನಿಗೇ ಆ, ಮೂರನೆಯದು ಇ, ಆಮೇಲೆ ಈ! ಸುತ್ತಿ ಬಳಸಿ ಬರುವ ಅಕ್ಷರಗಳೆಲ್ಲ ಬಾಗಿಲಲ್ಲೇ ಕೂತಿವೆ. ಸ್ವರ ದಾಟಿ ಬಂದರೆ ಐದನೆಯ ವ್ಯಂಜನವೇ ಙ. ಅದರಿಂದ ಶುರುವಾಗುವ ಪದ ಕೊಡಿ ಅಂದರೆ ನನಗೂ ಗೊತ್ತಿಲ್ಲ. 49 ಅಕ್ಷರ ಸಾಲದೆಂದು ಕೆಲವು ಚಾರ್ಟ್‌ಗಳು ಕೊನೆಗೆ ಕ್ಷ, ಜ್ಞ ಅಂಟಿಸುತ್ತವೆ. ಅವು ಒತ್ತಕ್ಷರ, ಅಲ್ಲಿ ಅವಕ್ಕೇನು ಕೆಲಸ!

‘ನಾವೂ ಹಾಗೇ ಕಲಿತದ್ದು, ಓದಲು ಬರಲಿಲ್ಲವೇ?’ ಎಂದು ಅಜ್ಜಂದಿರು ಕೇಳುತ್ತಾರೆ. ಬಂತು, ಸ್ವಾಮಿ. ನಿಮ್ಮ ಜೊತೆ ಅದೇ ಮಣೆಯ ಮೇಲೆ ಕೂತು, ಓದು ಹತ್ತದೆ ಒಂದೆರಡು ವರ್ಷದಲ್ಲಿ ದನ ಕಾಯಲು ಹೋದವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ.

ನಮ್ಮ ಸರ್ಕಾರಿ ಶಾಲೆಗಳು ಈ ಗಂಟನ್ನು ಎಂದೋ ಬಿಚ್ಚಿವೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ರ ಒಂದು ಉರುಟು, ಗ ಒಂದು ಕಮಾನು, ಎರಡಕ್ಕೂ ತಲೆಕಟ್ಟು. ಐದೇ ಅಕ್ಷರಕ್ಕೆ ಸರ, ರಸ, ದರ, ಅರಸ, ಅಗಸ, ಗರಗಸ. ಮುಂದಿನ ಗುಂಪು ಜ, ವ, ಮ, ಬ, ನ. ಮರ, ದನ, ಜನ, ಬಸವ ಎಲ್ಲ ಕೈಗೆ ಸಿಕ್ಕವು. ‘ಬಸವನ ದನ’ ಎಂದು ಕಾಗುಣಿತವಿಲ್ಲದೆಯೇ ಓದಿಬಿಡಬಹುದು. ಬೆಂಗಳೂರಿನವರಾದರೆ ಬಸ್ಸಿನ ಬೋರ್ಡಿನಲ್ಲಿ ‘ನಗರ’ ಹುಡುಕಿಸಿ, ಜಯನಗರವೋ ರಾಜಾಜಿನಗರವೋ, ಬಾಲದಲ್ಲಿ ಅದೇ ಇರುತ್ತೆ. ಮಗು ಕಿಟಕಿಯಿಂದ ಕೂಗುವುದನ್ನು ನಿಲ್ಲಿಸುವುದು ನಿಮ್ಮ ಪಾಡು.

ನಿಮ್ಮ ಮಗಳಿಗೆ ಅಕ್ಷರ ಹೊಸದಾಗಿ ಕಲಿಸಬೇಕಿಲ್ಲ, ಸಾಲು ಒಡೆಯಬೇಕು. ಹಳೇ ಲಗ್ನಪತ್ರಿಕೆ ಹರಿದು ಹಿಂಬದಿಗೆ ಆ ಹತ್ತು ಅಕ್ಷರ ಒಂದೊಂದಾಗಿ ಬರೆದು ಕಲಸಿ ಹರಡಿ, ‘ಮರ ಮಾಡು’ ಅನ್ನಿ. ಪ್ರತಿ ಚೀಟಿ ಎತ್ತುವಾಗ ಬಾಯಲ್ಲಿ ಹೇಳಲಿ. ನಮ್ಮಲ್ಲಿ ಅಕ್ಷರದ ಹೆಸರೇ ಅದರ ದನಿ, ಇಂಗ್ಲಿಷಿನಂತೆ ‘ಎಚ್’ ಎಂದು ಹೇಳಿ ‘ಹ’ ಎಂದು ಓದುವ ಕಷ್ಟವಿಲ್ಲ. ಬರೆಸುವಾಗ ರೂಪ ಹತ್ತಿರವಿರುವುದನ್ನು ಒಟ್ಟಿಗೆ ತನ್ನಿ: ವ ಕೂತ ಕೈಗೆ ಮ ಸುಲಭ. ಆದರೆ ಮ ಮತ್ತು ವು ಪಕ್ಕಪಕ್ಕ ಬರೆದು ಬಾಲ ಎಲ್ಲಿ ಅಂಟಿದೆ ತೋರಿಸಿ, ಮೂರನೇ ಕ್ಲಾಸಿನಲ್ಲೂ ಇದರಲ್ಲಿ ಎಡವುವವರಿದ್ದಾರೆ. ದಕ್ಕೆ ಹೊಟ್ಟೆ ಸೀಳಿ ಧ ಮಾಡುವುದು ಆಮೇಲೆ. ಗುಡಿಸು, ಕೊಂಬು ಕೂಡ ಗಿಡ, ಗುಡಿ ಎಂಬ ಪದಗಳ ಜೊತೆಗೇ ಬರಲಿ.

ದನಿಯ ಮಾತು ಬಂದಿದ್ದರಿಂದ ಇನ್ನೊಂದು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಂಡ್ಯ, ಮೈಸೂರು ಕಡೆಯ ಮಕ್ಕಳು ‘ಹಕ್ಕಿ’ಯನ್ನು ‘ಅಕ್ಕಿ’ ಎಂದು ಬರೆದರೆ ಕೆಲವು ಮೇಷ್ಟ್ರುಗಳು ಕೆಂಪು ಶಾಯಿ ಸುರಿಯುತ್ತಾರೆ. ಮಗು ಮನೆಯಲ್ಲಿ ಕೇಳಿದ್ದನ್ನೇ ಬರೆದಿದೆ, ಕಿವಿ ಚೆನ್ನಾಗಿದೆ ಎಂದರ್ಥ. ಮಾತನ್ನು ತಿದ್ದಲು ಹೋಗಬೇಡಿ. ಅಕ್ಕಿ–ಹಕ್ಕಿ, ಆಡು–ಹಾಡು, ಅಲ್ಲಿ–ಹಲ್ಲಿ ಜೋಡಿ ಮಾಡಿ, ಬಾಯಿ ಮುಂದೆ ಅಂಗೈ ಹಿಡಿಸಿ ಹೇಳಿಸಿ. ಹ ಅಂದಾಗ ಉಸಿರು ತಾಗುತ್ತೆ. ಇದೇ ಉಪಾಯ ಕ–ಖ, ತ–ಥಕ್ಕೂ ನಡೆಯುತ್ತೆ. ಶ–ಷಕ್ಕೆ ಮಾತ್ರ ನಡೆಯಲ್ಲ, ಅವೆರಡನ್ನೂ ದೊಡ್ಡವರಲ್ಲೇ ಹೆಚ್ಚಿನವರು ಒಂದೇ ಥರ ಅನ್ನುತ್ತೇವೆ. ‘ಶಾಲೆ’, ‘ವರ್ಷ’ ಎಂದು ಪದವನ್ನೇ ಮತ್ತೆ ಮತ್ತೆ ಕಣ್ಣಿಗೆ ಹಾಕುತ್ತಿರಿ. ಅದಕ್ಕೆ ಎರಡನೇ ಕ್ಲಾಸಿನವರೆಗೆ ಸಮಯವಿದೆ.