ಎರಡನೇ ದಿನದ ‘ನಾರ್ಮಲ್’ ಇಇಜಿ ನಂಬಿ ವೈರು ಬಿಚ್ಚಬೇಡಿ

“ಇಇಜಿ ನಾರ್ಮಲ್ ಬಂತಲ್ಲ, ಇನ್ನೂ ಯಾಕೆ ತಲೆ ತುಂಬ ವೈರು?” ಮೆದುಳಿನ ಸುತ್ತ ರಕ್ತಸ್ರಾವವಾದವರ ಮನೆಯವರು ಇಇಜಿ, ಅಂದರೆ ನೆತ್ತಿಗೆ ವೈರು ಅಂಟಿಸಿ ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆಯ ಬಗ್ಗೆ, ಹೀಗೆ ಕೇಳುವುದು ಸಹಜ. ಆದರೆ ಇಪ್ಪತ್ತು ನಿಮಿಷದ ವರದಿ ನೋಡಿ ವೈದ್ಯರೇ ವೈರು ಬಿಚ್ಚಿಸಿದರೆ ಸಹಿಸುವುದು ಕಷ್ಟ.

ಅನ್ಯೂರಿಸಂ (ರಕ್ತನಾಳದ ಉಬ್ಬು) ಒಡೆದು ಮೆದುಳಿನ ಸುತ್ತ ರಕ್ತ ಸೋರಿದವರಿಗೆ ಎರಡನೇ ಗಂಡಾಂತರ ಬರುವುದು ಹೆಚ್ಚಾಗಿ 4ರಿಂದ 14ನೇ ದಿನದೊಳಗೆ. ಆ ಉಬ್ಬನ್ನು ಕ್ಲಿಪ್ ಇಲ್ಲವೇ ಕಾಯಿಲ್ ಹಾಕಿ ಮುಚ್ಚಿದ ಮೇಲೂ, ಈ ಗಂಡಾಂತರ ತಗ್ಗಿಸಲು ಕೊಡುವ ನಿಮೋಡಿಪಿನ್ ಔಷಧ ನಡೆಯುತ್ತಿದ್ದರೂ, ಮೆದುಳಿನ ಯಾವುದೋ ಭಾಗಕ್ಕೆ ರಕ್ತ ಕಡಿಮೆಯಾಗಬಹುದು. ಎಚ್ಚರವಿದ್ದವರಲ್ಲಿ ಮಾತು ತೊದಲಿದರೆ, ಕೈ ಸೋತರೆ ತಿಳಿಯುತ್ತದೆ. ಪ್ರಜ್ಞೆಯಿಲ್ಲದವರಲ್ಲಿ ತಿಳಿಯುವುದಿಲ್ಲ. ಮೈ ಅದುರದೆ ಒಳಗೊಳಗೇ ನಡೆಯುವ ಫಿಟ್ಸ್ ಕೂಡ ಇಇಜಿ ಇಲ್ಲದೆ ಗೊತ್ತಾಗದು.

ಹಾಗಾಗಿ ಎರಡನೇ ದಿನದ ದಾಖಲೆ ಫಲಿತಾಂಶವಲ್ಲ, ಮುಂದಿನ ದಿನಗಳನ್ನು ಅಳೆಯಲು ಬೇಕಾದ ಅಳತೆಗೋಲು. ರೋಗಿಯನ್ನು ಹೋಲಿಸುವುದು ಅದೇ ರೋಗಿಯ ನಿನ್ನೆಯೊಂದಿಗೆ. ರಕ್ತ ತಗ್ಗಿದಾಗ ಸೆಕೆಂಡಿಗೆ 8ರಿಂದ 13 ಸಲ ಬರುವ ಆಲ್ಫಾ ಅಲೆ ಕ್ಷೀಣಿಸಿ, 4ಕ್ಕಿಂತ ನಿಧಾನದ ಡೆಲ್ಟಾ ಹೆಚ್ಚುತ್ತದೆ. ಆಲ್ಫಾವನ್ನು ಡೆಲ್ಟಾದಿಂದ ಭಾಗಿಸಿದ ಅನುಪಾತ ಸತತ ಆರು ಅಳತೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು, ಇಲ್ಲವೇ ಒಂದೇ ಅಳತೆಯಲ್ಲಿ ಶೇ. 50ಕ್ಕಿಂತ ಹೆಚ್ಚು ಕುಸಿದರೆ ಎಚ್ಚರಗೊಳ್ಳಬೇಕೆಂಬುದು 2004ರ ಅಧ್ಯಯನವೊಂದು ಕೊಟ್ಟ ಮಿತಿ. ಅದು ದಾರಿ ತೋರಿಸುತ್ತದೆ, ಅಷ್ಟೆ, ರೋಗನಿರ್ಣಯವಲ್ಲ. ಅಳೆಯುವುದಾದರೂ ಪ್ರತಿಸಲ ರೋಗಿಯನ್ನು ಕರೆದು, ತಟ್ಟಿ ಎಬ್ಬಿಸಿದ ನಂತರವೇ. ನಿದ್ದೆಗೂ ಆಲ್ಫಾ ಇಳಿಯುತ್ತದೆ.

ಈ ಅನುಪಾತ ತೋರಿಸುವ ಬಣ್ಣದ ಗ್ರಾಫ್ ಕುಸಿದ ಕೂಡಲೇ ಮೂಲ ಅಲೆಗಳನ್ನು ತೆರೆದು ನೋಡಿ. ಎರಡೂ ಬದಿ ಒಟ್ಟಿಗೆ ಇಳಿದಿದ್ದರೆ ಮಂಪರು ಬರಿಸುವ ಪ್ರೊಪೊಫಾಲ್ ಅಥವಾ ಮಿಡಜೋಲಾಮ್ ಡೋಸ್ ಏರಿತೇ, ಮೆದುಳಲ್ಲಿ ನೀರು ತುಂಬುತ್ತಿದೆಯೇ ಎಂದು ಮೊದಲು ವಿಚಾರಿಸಿ. ಒಂದೇ ಬದಿಯಾದರೆ ಆ ಭಾಗಕ್ಕೆ ರಕ್ತ ತಗ್ಗಿದೆಯೆಂಬ ಅನುಮಾನ ಬಲವಾಗುತ್ತದೆ. ಆಗ ರೋಗಿಯನ್ನು ಪರೀಕ್ಷಿಸಿ, ತಡಮಾಡದೆ ಸಿಟಿ ಆಂಜಿಯೋಗ್ರಾಂಗೆ (ರಕ್ತನಾಳಗಳ ಸ್ಕ್ಯಾನ್) ಕಳಿಸಿ. ರಕ್ತದೊತ್ತಡ ಏರಿಸುವ ನಿರ್ಧಾರ ಅನ್ಯೂರಿಸಂ ಭದ್ರವಾಗಿದ್ದರೆ ಮಾತ್ರ, ಅದೂ ಹೃದಯದ ಸ್ಥಿತಿ ನೋಡಿಕೊಂಡು.

ವೈರು ಬಿಚ್ಚಿಸಲು ಹೇಳುವ ಇನ್ನೊಂದು ಕಾರಣ ನೆತ್ತಿಯ ಹುಣ್ಣು. ಈ ಕಾಳಜಿ ಸರಿಯಾದದ್ದೇ. ದಿನಾ ಚರ್ಮ ನೋಡಿ, ಕೆಂಪಾದ ಕಡೆಯ ಎಲೆಕ್ಟ್ರೋಡನ್ನು ಕೊಂಚ ಸರಿಸಿ, ಇಂಪೀಡೆನ್ಸ್ (ಚರ್ಮ ಮತ್ತು ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ಗಿಂತ ಕೆಳಗಿದೆಯೇ ನೋಡಿ. ಎದುರು ಬದಿಯದನ್ನೂ ಅಷ್ಟೇ ಸರಿಸಬೇಕು. ಇಲ್ಲವಾದರೆ ಎರಡು ಬದಿಗಳ ಹೋಲಿಕೆ ಕೆಡುತ್ತದೆ. ಯಾವುದನ್ನು ಎಷ್ಟು ಹೊತ್ತಿಗೆ ಸರಿಸಿದಿರೆಂದು ದಾಖಲೆಯಲ್ಲಿ ಬರೆದಿಡಿ, ರಾತ್ರಿ ಪಾಳಿಯವರು ಆ ಬದಲಾವಣೆಯನ್ನೇ ಮೆದುಳಿನದೆಂದು ಓದದಂತೆ.