ಬಣ್ಣ ಆಮೇಲೆ, ಮೊದಲು ಮಾಳಿಗೆ ಹತ್ತಿ

ಅಪ್ಪ ಕಟ್ಟಿಸಿದ ಬಾಡಿಗೆ ಬಿಲ್ಡಿಂಗ್ ಕೈಗೆ ಬಂತು ಅಂದ ಕೂಡಲೇ ಮಕ್ಕಳು ಪೇಂಟರ್‌ನನ್ನು ಕರೆಸುತ್ತಾರೆ. ಹಳೆ ಬಿಲ್ಡಿಂಗ್ ಹೊಸದಾಗಿ ಕಂಡರೆ ಕಿರಾಯಿ ಜಾಸ್ತಿ ಸಿಗುತ್ತದೆ ಅನ್ನೋ ಲೆಕ್ಕ. ಪುಟ್ಟಿ, ಬಣ್ಣ, ಹಾಲ್‌ಗೆ ಫಾಲ್ಸ್ ಸೀಲಿಂಗ್. ಒಂದು ಮಳೆಗಾಲ ಕಳೆದ ಮೇಲೆ ಮಾಳಿಗೆ, ಅಂದರೆ ಟೆರೇಸ್, ಸೋರುತ್ತಿದೆ ಅಂತ ನನ್ನಂಥ ಸಿವಿಲ್ ಎಂಜಿನಿಯರ್‌ಗೆ ಫೋನ್ ಬರುತ್ತದೆ. ಕಲಬುರಗಿಯಲ್ಲಿ ಹಳೆ ಮನೆಗಳ ರಿಪೇರಿ ಮಾಡಿಸೋದೇ ನನ್ನ ಕಸುಬು. ಈ ಫೋನ್ ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕಂದರೆ ಅಷ್ಟೊತ್ತಿಗೆ ದುಡ್ಡು ಖರ್ಚಾಗಿ ಹೋಗಿರುತ್ತದೆ.

ಬ್ರಹ್ಮಪುರದ ಕಡೆ ಒಂದು ಮೂರಂತಸ್ತಿನ ಬಿಲ್ಡಿಂಗ್. ಮಗ ಹೈದರಾಬಾದಿನಲ್ಲಿ ನೌಕರಿ, ಇಲ್ಲಿ ತಾಯಿಯೊಬ್ಬರೇ. ಮೇಲಿನ ಮನೆಗೆ ಚೆಂದದ ಫಾಲ್ಸ್ ಸೀಲಿಂಗ್ ಹಾಕಿಸಿದ್ದರು. "ಸಾಹೇಬ್ರ, ಒಳಗಿಂದ ಏನಾರ ಹಚ್ಚಿ ಬಂದ್ ಮಾಡ್ರಿ. ಕಿರಾಯಿದಾರ್ರು ಬಿಟ್ಟು ಹೊಂಟಾರ," ಅಂದರು ಆ ತಾಯಿ. ಒಂದು ಹಲಗೆ ಬಿಚ್ಚಿಸಿ ಟಾರ್ಚ್ ಬಿಟ್ಟು ನೋಡಿದೆ. ಸ್ಲ್ಯಾಬಿನ ಕೆಳಗಿನ ಸಿಮೆಂಟು ಹಪ್ಪಳದಂತೆ ಎದ್ದು, ಫಾಲ್ಸ್ ಸೀಲಿಂಗಿನ ಮೇಲೆ ಚೂರು ಚೂರಾಗಿ ಬಿದ್ದಿತ್ತು. ಸರಳುಗಳು ಹೊರಗೆ ಕಾಣುತ್ತಿದ್ದವು. ಬೆರಳಿಂದ ಉಜ್ಜಿದರೆ ಕೆಂಪು ಪುಡಿ. ಆ ಸೀಲಿಂಗ್ ಮಾಡಿದ ಕೆಲಸ ಇಷ್ಟೇ: ರೋಗ ಕಣ್ಣಿಗೆ ಬೀಳದ ಹಾಗೆ ಮುಚ್ಚಿಟ್ಟಿತ್ತು.

ಹೀಗಾಗಿ ಒಂದೇ ಮಾತನ್ನ ಬಿಡಿಸಿ ಹೇಳುತ್ತೇನೆ. ನೀರು ಎಲ್ಲಿ ಕಾಣುತ್ತದೋ ಅಲ್ಲಿಂದ ಬರುತ್ತಿಲ್ಲ. ಬರುತ್ತಿರುವ ಜಾಗದಲ್ಲೇ ಅದನ್ನ ತಡೆಯಬೇಕು, ಅಂದರೆ ಹೊರಗಿನಿಂದ. ಒಳಗೆ ಎಷ್ಟೇ ದುಬಾರಿ ಡ್ಯಾಂಪ್‌ಪ್ರೂಫ್ ಬಣ್ಣ ಬಳಿದರೂ ನೀರು ಅದರ ಹಿಂದೆಯೇ ಕೂತು ಕೆಲಸ ಮಾಡುತ್ತಿರುತ್ತದೆ. ಟೆರೇಸಿನ ಸುತ್ತಲಿನ ಗಿಡ್ಡ ಗೋಡೆಯ, ಅಂದರೆ ಪ್ಯಾರಾಪೆಟ್‌ನ, ಮೂಲೆಯಲ್ಲಿ ಒಳಗಿಳಿದ ನೀರು ವೈರಿನ ಪೈಪ್ ಹಿಡಿದು ಹಾಲಿನ ನಡುವೆ ಫ್ಯಾನಿನ ಕೊಂಡಿಯ ಹತ್ತಿರ ತೊಟ್ಟಿಕ್ಕಬಹುದು. ಮನೆಯವರು ಫ್ಯಾನಿನ ನೆತ್ತಿಯ ಮೇಲೆ ಟೆರೇಸ್‌ನಲ್ಲಿ ಸಿಮೆಂಟ್ ಮೆತ್ತಿಸುತ್ತಾರೆ. ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಅದೂ ಅಲ್ಲದೆ ನೀರು ಇಳಿಯುವ ಫ್ಯಾನ್ ಪಾಯಿಂಟ್‌ನಲ್ಲಿ ಕರೆಂಟ್ ಇರುತ್ತದೆ, ಅದನ್ನ ಮೊದಲು ಬಂದ್ ಮಾಡಿಸಿ.

ನಮ್ಮೂರಲ್ಲೇ ಇದು ಯಾಕೆ ಜಾಸ್ತಿ ಅಂತ ಕೇಳುತ್ತಾರೆ. ಮೇ ತಿಂಗಳ ಬಿಸಿಲು 42–43 ಡಿಗ್ರಿ ಮುಟ್ಟುತ್ತದೆ. ಸ್ಲ್ಯಾಬಿನ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ, ರಾತ್ರಿ ಆರುತ್ತದೆ. ನಲವತ್ತು ಅಡಿ ಉದ್ದದ ಸ್ಲ್ಯಾಬು 30 ಡಿಗ್ರಿ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಮೂರೂವರೆ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ದಿನಾ ಹೀಗೆ ಎಳೆದಾಡಿದರೆ ಮೊದಲು ಬಿಡೋದು ಸ್ಲ್ಯಾಬೂ ಪ್ಯಾರಾಪೆಟ್ ಗೋಡೆಯೂ ಸೇರುವ ಮೂಲೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಸಾಕು. ಜೂನ್ ಮಳೆ ಅಲ್ಲಿಂದ ಇಳಿದು ಸರಳಿಗೆ ತಲುಪುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಒಳಗಿಂದಲೇ ಒತ್ತಿ ಕಾಂಕ್ರೀಟನ್ನ ಒಡೆಯುತ್ತದೆ. ಪುಟ್ಟಿ ಇದಕ್ಕೆ ಏನು ಮಾಡೀತು?

ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಮಳೆ ನಿಂತ ಮೇಲೆ ಟೆರೇಸ್ ಹತ್ತಿ ನೀರು ಎಲ್ಲಿ ನಿಲ್ಲುತ್ತದೆ ನೋಡಿ, ಸುಣ್ಣದ ಗೆರೆ ಹಾಕಿ. ನೀರು ಹೋಗುವ ಬಾಯಿಗಳಲ್ಲಿ ಎಲೆ, ಪಾರಿವಾಳದ ಪುಕ್ಕ ತುಂಬಿರುತ್ತವೆ, ತೆಗೆಸಿ. ಕೆಳಗೆ ಬಂದು ಸೀಲಿಂಗನ್ನ ಕಟ್ಟಿಗೆಯಿಂದ ಮೆಲ್ಲಗೆ ಬಡಿಯಿರಿ. ಟೊಳ್ಳು ಸದ್ದು ಬಂದ ಕಡೆ ಗುರುತು ಹಾಕಿ, ಅದರ ಕೆಳಗೆ ಮಗುವಿನ ತೊಟ್ಟಿಲು ಇಡಬೇಡಿ. ಸರಳು ಕಂಡರೆ ಮಾತ್ರ ಗೌಂಡಿಯ ಮಾತಿನ ಮೇಲೆ ನಡೆಯದೆ ಎಂಜಿನಿಯರ್‌ಗೆ ತೋರಿಸಿ. ನಾನು ಕೂಡ ಕಟ್ಟಡ ನೋಡದೆ ಫೋನಿನಲ್ಲಿ ಏನೂ ಹೇಳುವುದಿಲ್ಲ.

ಇನ್ನೊಂದು ಅಪಾಯ ಇದೆ. ಸೋರಿದಾಗಲೆಲ್ಲ ಹಳೇ ಕೋಬಾ (ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರು, ಸಿಮೆಂಟ್ ಸೇರಿಸಿ ಹಾಕುವ ಪದರ) ಮೇಲೆ ಹೊಸ ಕೋಬಾ ಹಾಕಿಸೋದು. ನಾಲ್ಕು ಇಂಚಿನ ಇಟ್ಟಿಗೆ ಚೂರಿನ ಕೋಬಾ ಚದರಡಿಗೆ 17 ಕಿಲೋದಷ್ಟು ತೂಗುತ್ತದೆ. ಜನ ಓಡಾಡುವ ಟೆರೇಸಿಗೆ ಓಡಾಟದ ಭಾರ ಅಂತ ಲೆಕ್ಕ ಹಿಡಿಯೋದು ಚದರಡಿಗೆ 14 ಕಿಲೋ. ಅಂದರೆ ಎರಡನೇ ಪದರ ಬಿದ್ದ ದಿನವೇ ಆ ಪಾಲು ಮುಗಿಯಿತು. ಆಮೇಲೆ ಮದುವೆ ಮನೆಯವರು ಟೆರೇಸಿನ ಮೇಲೆ ಪೆಂಡಾಲ್ ಹಾಕಿ ಊಟಕ್ಕೆ ಕೂರುತ್ತಾರೆ. ಹಳೇ ಪದರ ತೆಗೆಸಿ, ಇಳಿಜಾರು ಸರಿ ಮಾಡಿ, ಮೂಲೆಗಳನ್ನ ದುಂಡಗೆ ತೀಡಿಸಿ, ಆಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿ. ಗುತ್ತಿಗೆದಾರನಿಗೆ ಪೂರ್ತಿ ದುಡ್ಡು ಕೊಡುವ ಮುಂಚೆ ಟೆರೇಸಿನಲ್ಲಿ ಎರಡು ದಿನ ನೀರು ಕಟ್ಟಿ ನೋಡಿ. ಇಂಚು, ಒಂದೂವರೆ ಇಂಚು ಸಾಕು. ಸ್ಲ್ಯಾಬ್ ಮೊದಲೇ ದುರ್ಬಲವಾಗಿದ್ದರೆ ಎಂಜಿನಿಯರನ್ನ ಕೇಳದೆ ಇದನ್ನೂ ಮಾಡಬೇಡಿ.

ಇದಾದ ಮೇಲೆ ಬಿಳಿ ಕೋಟಿಂಗ್ ಹೊಡೆಸಿದರೆ ಮೇಲಿನ ಮನೆಯ ಕಾವು ಕಡಿಮೆಯಾಗುತ್ತದೆ. ಬೇಸಿಗೆ ಬಂತೆಂದರೆ ಖಾಲಿಯಾಗುವ ಮನೆ ಅದೇ ಅಲ್ವಾ? ಕಡಿಮೆ ಖರ್ಚಿಗೆ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದು ನನಗೆ ಕಂಡಿಲ್ಲ. ಏಪ್ರಿಲ್ ಮಧ್ಯಾಹ್ನ ಮಾತ್ರ ಬಳಿಸಬೇಡಿ, ಕಾದ ಸ್ಲ್ಯಾಬಿನ ಮೇಲೆ ಅದು ಹಿಡಿಯುವ ಮುಂಚೆಯೇ ಒಣಗಿಬಿಡುತ್ತದೆ. ದಸರಾ ಕಳೆದ ಮೇಲಿಂದ ಫೆಬ್ರವರಿವರೆಗೆ ಒಳ್ಳೆ ಕಾಲ. ಜೂನ್‌ನಲ್ಲಿ ಮೊದಲ ಮಳೆ ಬಿದ್ದಾಗ ಫೋನ್ ಮಾಡಿದರೆ ತಾಡಪಾಲು ಹೊದಿಸಿ ಅಂತಷ್ಟೇ ನಾನು ಹೇಳಬಲ್ಲೆ.

ಮೇಲಿನ ನೀರಿನಷ್ಟೇ ಕೆಳಗಿನ ನೀರೂ ಮುಖ್ಯ. ನಮ್ಮದು ಎರೆಮಣ್ಣಿನ ಊರು. ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗೋಡೆಯ ಪಕ್ಕದ ಚೇಂಬರ್ (ಬಚ್ಚಲ ಪೈಪುಗಳು ಸೇರುವ ಗುಂಡಿ) ಒಡೆದು ಬಚ್ಚಲ ನೀರು ಒಂದೇ ಮೂಲೆಗೆ ಇಂಗಿದರೆ ಆ ಮೂಲೆ ಮಾತ್ರ ಏಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಚೇಂಬರ್ ಕಟ್ಟಿಸಿ, ಬಿಲ್ಡಿಂಗಿನ ಸುತ್ತ ಹೊರಕ್ಕೆ ಇಳಿಜಾರಾಗಿ ಶಹಾಬಾದಿ ಫರಸಿ ಹಾಸಿ.

ಫರಸಿ ಅಂದಾಗ ನೆನಪಾಯಿತು. ಹಳೇ ಮನೆಗಳ ನೆಲದ ಫರಸಿ ಕಿತ್ತು ಟೈಲ್ಸ್ ಹಾಕಿಸೋರನ್ನ ಕಂಡರೆ ನನಗೆ ನಿಜವಾಗಿ ಬೇಜಾರು. ಬೇಸಿಗೆಯಲ್ಲಿ ತಣ್ಣಗಿರುವ ಕಲ್ಲು, ಪಕ್ಕದ ಶಹಾಬಾದಿನದೇ. ಸಂದುಗಳನ್ನ ತುಂಬಿಸಿ ಪಾಲಿಶ್ ಮಾಡಿಸಿದರೆ ಮತ್ತೆ ಹೊಳೆಯುತ್ತದೆ, ಟೈಲ್ಸಿಗಿಂತ ಖರ್ಚೂ ಕಡಿಮೆ.

ಕರೆಂಟಿನ ಬಗ್ಗೆ ಚಿಕ್ಕದಾಗಿ: ಹಳೇ ಫ್ಯೂಸ್ ಬೋರ್ಡ್ ಇದ್ದರೆ ತೆಗೆಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ, ಪ್ರತಿ ಮನೆಗೂ ಲೋಡ್ ಹೆಚ್ಚಾದರೆ ತಾನೇ ಬೀಳುವ ಎಂಸಿಬಿ ಸ್ವಿಚ್ ಜೊತೆ, ಕರೆಂಟ್ ಸೋರಿದರೆ ತಕ್ಷಣ ಬಂದ್ ಮಾಡುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಜೀವದ ವಿಷಯ, ಇಲ್ಲಿ ಚೌಕಾಸಿ ಬೇಡ.

ನೀರಿನ ಪೈಪಿಗೆ ಮನೆಗೊಂದು ವಾಲ್ವ್ ಹಾಕಿಸಿ. ಒಂದು ನಲ್ಲಿ ಕೆಟ್ಟರೆ ಇಡೀ ಬಿಲ್ಡಿಂಗಿನ ನೀರು ನಿಲ್ಲಿಸುವುದು ತಪ್ಪುತ್ತದೆ. ಮನೆ ನೋಡಲು ಬಂದವರು ನಮ್ಮೂರಲ್ಲಿ ಮೊದಲು ಕೇಳೋದು "ನೀರು ಬರ್ತಾವೇನ್ರಿ?" ಅಂತ. ಫಾಲ್ಸ್ ಸೀಲಿಂಗ್ ಇದೆಯೇನ್ರಿ ಅಂತ ಕೇಳಿದವರು ನನಗಿನ್ನೂ ಸಿಕ್ಕಿಲ್ಲ.

ಆದಾಯ ತೆರಿಗೆ ಬಗ್ಗೆಯೂ ಒಂದು ಮಾತು. ರಿಪೇರಿ ಬಿಲ್ ತೋರಿಸಿದರೆ ಅಷ್ಟೂ ಕಳೆಯುತ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ಬಾಡಿಗೆ ಆದಾಯದಲ್ಲಿ ಮನೆ ತೆರಿಗೆ ಕಳೆದು ಉಳಿದದ್ದಕ್ಕೆ 30 ಶೇಕಡಾ ಒಟ್ಟಾಗಿ ಬಿಡುತ್ತಾರೆ, ರಿಪೇರಿಗೆ ನೀವು ಎಷ್ಟೇ ಖರ್ಚು ಮಾಡಿ. ನಿಮ್ಮ ಲೆಕ್ಕಕ್ಕೆ ನಿಮ್ಮ ಸಿಎ ಅವರನ್ನೇ ಕೇಳಿ, ಅದು ನನ್ನ ಕ್ಷೇತ್ರವಲ್ಲ.

ಕೊನೆಗೆ ಅಣ್ಣತಮ್ಮಂದಿರ, ಅಕ್ಕತಂಗಿಯರ ವಿಷಯ. "ಹಿಸ್ಸಾ ಆಗ್ಲಿ, ಆಮ್ಯಾಲ ನೋಡೋಣ" ಅಂತ ಟೆರೇಸನ್ನ ಹಾಗೇ ಬಿಟ್ಟವರು ತುಂಬಾ ಜನ. ಟೈಲ್ಸ್, ಬಣ್ಣ, ಸೀಲಿಂಗ್ ಕಾಯಲಿ, ತೊಂದರೆ ಇಲ್ಲ. ಸೋರುವ ಮಾಳಿಗೆ ಕಾಯುವುದಿಲ್ಲ. ಬರುವ ಕಿರಾಯಿಯಲ್ಲೇ ರಿಪೇರಿ ಖರ್ಚು ಮೊದಲು ತೆಗೆದಿಟ್ಟು, ಬಿಲ್ಲುಗಳನ್ನ ಒಂದು ಫೈಲಿನಲ್ಲಿ ಹಾಕಿ, ಎಲ್ಲರಿಂದ ಒಂದು ಸಹಿ ತಗೊಂಡು, ಉಳಿದದ್ದನ್ನ ಹಂಚಿಕೊಳ್ಳಿ.