ಕುಂಟೆ ಮೇಲಿನ ಕಲ್ಲು, ಬೋಟಿನೊಳಗಿನ ನೀರು

ಚಿಕ್ಕವನಿದ್ದಾಗ ರಜೆಗೆ ಅಣ್ಣಿಗೇರಿ ಕಡೆಯ ನಮ್ಮ ಕಾಕಾನ ಹೊಲಕ್ಕೆ ಹೋಗುತ್ತಿದ್ದೆ. ಎರೆ ಹೊಲ. ಬಿಸಿಲಿಗೆ ಮೇಲ್ಮಣ್ಣು ಗಟ್ಟಿಯಾದರೆ ಕುಂಟೆಯ ಕುಡ ನೆಲಕ್ಕೆ ಇಳಿಯುತ್ತಲೇ ಇರಲಿಲ್ಲ, ಮೇಲೆ ಮೇಲೆ ಸವರಿಕೊಂಡು ಹೋಗುತ್ತಿತ್ತು. "ಕುಂಟಿ ತೇಲಾಕತ್ತೈತಿ, ಮ್ಯಾಲ ಕುಂದ್ರಲೇ" ಎಂದು ಕಾಕಾ ಕೂಗುತ್ತಿದ್ದ. ನಾನು ದಿಂಡಿನ ಮೇಲೆ ಕೂತ ಕೂಡಲೇ ಕುಡ ಮಣ್ಣಿಗೆ ಕಚ್ಚುತ್ತಿತ್ತು, ಹಿಂದೆ ಮಣ್ಣು ಹೊರಳುತ್ತಿತ್ತು. ನಾನಿಲ್ಲದ ದಿನ ಅಲ್ಲಿ ಒಂದು ದಪ್ಪ ಕಲ್ಲು ಇರುತ್ತಿತ್ತು.

ನೀರಿನ ಮೇಲೂ ಇದೇ ಉಪಾಯ ನಡೆಯುತ್ತದೆ. ವೇಕ್‌ಬೋರ್ಡಿಂಗ್ ಎಂಬ ಆಟದ ವಿಡಿಯೊಗಳನ್ನು ನೀವು ನೋಡಿರಬಹುದು. ಮೋಟಾರ್ ಬೋಟಿಗೆ ಸುಮಾರು 20 ಮೀಟರ್ ಹಗ್ಗ. ಅದರ ತುದಿ ಹಿಡಿದು ಒಬ್ಬ ಆಟಗಾರ ಹಲಗೆಯ ಮೇಲೆ ನಿಂತಿರುತ್ತಾನೆ. ಬೋಟು ಗಂಟೆಗೆ 30ರಿಂದ 37 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅದರ ಹಿಂದೆ ಎರಡೂ ಕಡೆ ಏಳುವ ಅಲೆಯೇ ಆಟಗಾರನಿಗೆ ಜಾರುಬಂಡೆ. ಅದನ್ನೇರಿ ಅವನು ಗಾಳಿಗೆ ಜಿಗಿಯುತ್ತಾನೆ. ಅಲೆ ದೊಡ್ಡದಾದಷ್ಟೂ ಜಿಗಿತ ದೊಡ್ಡದು. ಹಾಗಾಗಿ ಈ ಬೋಟುಗಳಿಗೆ ಬೇಕಂತಲೇ ಭಾರ ತುಂಬುತ್ತಾರೆ. ಆ ಭಾರಕ್ಕೆ ಬ್ಯಾಲಾಸ್ಟ್ ಎಂದು ಹೆಸರು. ಹುಬ್ಬಳ್ಳಿಯ ರೈಲ್ವೆ ಮಂದಿ ಹಳಿಗಳ ಕೆಳಗಿನ ಜಲ್ಲಿಗೂ ಇದೇ ಮಾತು ಬಳಸುತ್ತಾರೆ.

ಇಂಥ ಬೋಟನ್ನು ನಾನು ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ನೋಡಿಲ್ಲ. ಆದರೆ ಅಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ಅಲ್ಲಿಯೇ, ದಂಡೆಯ ಮೇಲೆ ಕೂತು ಕಲಿಯಬಹುದು. ಭಾನುವಾರ ಸಂಜೆ ಪೆಡಲ್ ಬೋಟುಗಳನ್ನು ಗಮನಿಸಿ. ಇಬ್ಬರು ಹುಡುಗರು ಕೂತ ಬೋಟು ಹಗುರ, ಹಿಂದೆ ಏಳುವುದು ಸಣ್ಣ ಗೆರೆ. ಅಪ್ಪ, ಅವ್ವ, ಇಬ್ಬರು ಮಕ್ಕಳು ಕೂತರೆ ಅದೇ ಬೋಟು ಎರಡು ಬೆರಳು ಹೆಚ್ಚು ಮುಳುಗುತ್ತದೆ, ಹಿಂದಿನ ಅಲೆ ದಂಡೆಯ ಕಲ್ಲಿಗೆ ಬಂದು ಸಪ್ಪಳ ಮಾಡುತ್ತದೆ.

ಕಾರಣ ಸರಳ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಆರ್ಕಿಮಿಡೀಸ್ ಇದನ್ನು ಹೇಳಿ 2200 ವರ್ಷ ದಾಟಿದೆ. ಅಂದರೆ ಬೋಟು ನೀರಿನಲ್ಲಿ ಒಂದು ಗುಂಡಿ ತೋಡಿಕೊಂಡು ಕೂತಿರುತ್ತದೆ. ಬೋಟು ಮುಂದೆ ಹೋದರೆ ಗುಂಡಿಯೂ ಮುಂದೆ ಹೋಗಬೇಕಲ್ವಾ? ಹಿಂದೆ ಉಳಿದ ಜಾಗಕ್ಕೆ ನೀರು ಎರಡೂ ಕಡೆಯಿಂದ ನುಗ್ಗುತ್ತದೆ. ನುಗ್ಗಿದ ನೀರು ಮಟ್ಟಕ್ಕೆ ಬಂದು ಸುಮ್ನೆ ನಿಲ್ಲುವುದಿಲ್ಲ. ಬಂದ ರಭಸಕ್ಕೆ ಮೇಲೆ ಉಕ್ಕುತ್ತದೆ. ಆ ಉಕ್ಕೇ ಅಲೆ.

ಇಲ್ಲಿ ಒಂದು ತೊಡಕಿದೆ. ವೇಗ ಹೆಚ್ಚಿದಂತೆ ಬೋಟಿನ ತಳಕ್ಕೆ ನೀರು ಬಡಿದು ಅದನ್ನು ಮೇಲೆತ್ತುತ್ತದೆ. ಬೋಟು ನೀರನ್ನು ಸೀಳುವ ಬದಲು ಮೇಲೆ ಜಾರತೊಡಗುತ್ತದೆ. ಕಾಕಾನ ಕುಂಟೆ ತೇಲಿದ ಹಾಗೆ. ಬೇಗ ಹೋಗಬೇಕೆನ್ನುವವರಿಗೆ ಇದು ಒಳ್ಳೆಯದು, ಅಲೆ ಬೇಕೆನ್ನುವವರಿಗೆ ಅಲ್ಲ. ಅದಕ್ಕೇ ಭಾರ ಹೇರಿ ಕೆಳಗೆ ಕೂರಿಸುವುದು. ಎರಡು ಟನ್ ಆಸುಪಾಸಿನ ಬೋಟಿಗೆ ಇನ್ನೊಂದು ಟನ್ ಹೇರುವುದೂ ಉಂಟು. ಒಂದು ಟನ್ ಅಂದರೆ 1000 ಲೀಟರ್ ನೀರು. ನಳಕ್ಕೆ ದಿನಾ ನೀರು ಬರದ ನಮ್ಮ ಓಣಿಗಳಲ್ಲಿ ಮಾಳಿಗೆ ಮೇಲೆ ಕೂತಿರುವ ಸಿಂಟೆಕ್ಸ್ ಟ್ಯಾಂಕ್ ನೆನಪಿಸಿಕೊಳ್ಳಿ, ಅಷ್ಟು. ಅದನ್ನು ಊರಿಂದ ಹೊತ್ತು ತರಬೇಕಿಲ್ಲ. ಬೋಟಿನ ಬ್ಯಾಟರಿಗೆ ಜೋಡಿಸಿದ ಪಂಪು ಕೆರೆಯ ನೀರನ್ನೇ ಎಳೆದು ದಪ್ಪ ಚೀಲಗಳಿಗೆ ತುಂಬುತ್ತದೆ.

ಎಷ್ಟು ಭಾರ ಎನ್ನುವುದಕ್ಕಿಂತ ಎಲ್ಲಿ ಭಾರ ಎನ್ನುವುದು ನನಗೆ ಹೆಚ್ಚು ಚೆಂದ ಕಾಣುತ್ತದೆ. ಇದನ್ನು ಮನೆಯಲ್ಲೇ ನೋಡಬಹುದು. ಹಿತ್ತಲಿನ ನೀರಿನ ತೊಟ್ಟಿ ಸಾಕು. ಪ್ಲಾಸ್ಟಿಕ್ಕಿನ ಊಟದ ಡಬ್ಬಿಗೆ ದಾರ ಕಟ್ಟಿ, ಖಾಲಿ ಡಬ್ಬಿಯನ್ನು ಒಂದೇ ವೇಗದಲ್ಲಿ ಎಳೆಯಿರಿ. ನಂತರ ಉಸುಕು ತುಂಬಿದ ಪುಟ್ಟ ಪೊಟ್ಟಣವನ್ನು ನಡುವೆ ಇಟ್ಟು ಎಳೆಯಿರಿ. ಅಲೆ ಎದ್ದು ಕಾಣುತ್ತದೆ. ಈಗ ಪೊಟ್ಟಣವನ್ನು ಹಿಂದಕ್ಕೆ ಸರಿಸಿ. ಡಬ್ಬಿಯ ಮೂತಿ ಮೇಲೇಳುತ್ತದೆ, ಹಿಂಬದಿ ಆಳಕ್ಕೆ ಇಳಿಯುತ್ತದೆ. ಬೋಟಿನಲ್ಲೂ ಹೀಗೇ. ಭಾರ ಹಿಂದಿದ್ದರೆ ಅಲೆ ಗೋಡೆಯ ಹಾಗೆ ಕಡಿದಾಗಿ ನಿಲ್ಲುತ್ತದೆ. ಸ್ವಲ್ಪ ಭಾರವನ್ನು ಮುಂದಕ್ಕೆ ಹಂಚಿದರೆ ಅದು ಉದ್ದನೆಯ, ನಯವಾದ ಇಳಿಜಾರಾಗುತ್ತದೆ. ಹೊಸಬರಿಗೆ ಇದೇ ಸಲೀಸು.

ಚಕ್ಕಡಿಗೆ ಹೇರು ಹೇರುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹಿಂದೆ ಭಾರ ಜಾಸ್ತಿಯಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂದೆ ಜಾಸ್ತಿಯಾದರೆ ಹೆಗಲ ಮೇಲೆ ಕೂರುತ್ತದೆ. ಬೋಟಿನ ಹಿಂದೆ ಭಾರ ಅತಿಯಾದರೆ ಮೂತಿ ಎಷ್ಟು ಮೇಲೇಳುತ್ತದೆ ಎಂದರೆ ಓಡಿಸುವವನಿಗೆ ಎದುರಿನ ನೀರೇ ಕಾಣುವುದಿಲ್ಲ. ಎದುರಿಗೆ ಯಾರಾದರೂ ಈಜುತ್ತಿದ್ದರೆ?

ಚೀಲವನ್ನು ಅರ್ಧ ತುಂಬಿ ಬಿಡುವುದು ಇನ್ನೊಂದು ತಪ್ಪು. ಬೇಸಿಗೆಯಲ್ಲಿ ಗದಗ ಕಡೆ ಟ್ರ್ಯಾಕ್ಟರಿಗೆ ಕಟ್ಟಿದ ನೀರಿನ ಟ್ಯಾಂಕರ್ ತಿರುವಿನಲ್ಲಿ ಹೊಯ್ದಾಡುವುದನ್ನು ನೋಡಿದ್ದೀರಾ? ಪೂರ್ತಿ ತುಂಬಿದ್ದರೆ ನೀರಿಗೆ ಅಲುಗಾಡಲು ಜಾಗವಿಲ್ಲ. ಅರ್ಧ ತುಂಬಿದ್ದರೆ ಗಾಡಿ ಯಾವ ಕಡೆ ವಾಲಿತೋ ಆ ಕಡೆಗೇ ನೀರೂ ಓಡಿ, ವಾಲಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬೋಟು ಮಗುಚಲು ಅಷ್ಟು ಸಾಕು. ಅದಕ್ಕೆ ಗಾಳಿಯ ಗುಳ್ಳೆ ಸಹ ಉಳಿಯದಂತೆ ಚೀಲ ತುಂಬಬೇಕು.

ಕೆಲವರು ಸೀಸದ ತುಂಡುಗಳ ಮೂಟೆ ಇಡುತ್ತಾರೆ. ಸೀಸ ನೀರಿಗಿಂತ 11 ಪಟ್ಟು ತೂಕ, ಜಾಗ ಕಮ್ಮಿ ಸಾಕು. ಆದರೂ ನನ್ನ ಮತ ನೀರಿಗೇ. ಅಪಘಾತದಲ್ಲಿ ಬೋಟಿನೊಳಗೆ ಕೆರೆ ನೀರು ನುಗ್ಗಿತು ಅಂದುಕೊಳ್ಳಿ. ನೀರಿನ ಚೀಲ ಆಗ ನೀರೊಳಗಿನ ನೀರು, ಬೋಟನ್ನು ಕೆಳಗೆ ಜಗ್ಗುವುದಿಲ್ಲ. ಬಾವಿಯೊಳಗೆ ಮುಳುಗಿದ ಕೊಡ ಹಗುರ, ಮೇಲೆ ಬಂದ ಕೂಡಲೇ ಭಾರ, ಅದೇ ಲೆಕ್ಕ. ಸೀಸ ಮಾತ್ರ ಬೋಟನ್ನು ತಳಕ್ಕೇ ಒಯ್ಯುತ್ತದೆ.

ಬೋಟು ಹೊರಬಲ್ಲ ಭಾರವನ್ನು ತಯಾರಕರು ಬರೆದಿರುತ್ತಾರೆ. ಜನ, ಚೀಲ ಎಲ್ಲಾ ಸೇರಿ ಅದನ್ನು ದಾಟಬಾರದು. ಎಂಜಿನ್ನಿಗೂ ಹೆಚ್ಚು ದುಡಿಮೆ, ಎಣ್ಣೆ ಖರ್ಚು ಜಾಸ್ತಿ. ದಂಡೆಯ ಮಾತೂ ಇದೆ. ಅಲೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟು. ಮಣ್ಣಿನ ದಂಡೆ ಇದನ್ನು ತಾಳುವುದಿಲ್ಲ, ಜೊಂಡಿನಲ್ಲಿ ಗೂಡು ಕಟ್ಟಿದ ಹಕ್ಕಿಗಳೂ ತಾಳುವುದಿಲ್ಲ. ಹಾಗಾಗಿ ಇದು ಅಗಲವಾದ, ಆಳವಾದ ನೀರಿನ ನಡುವೆ ಆಡುವ ಆಟ.

ಆಟ ಮುಗಿದ ಮೇಲೆ ತುಂಬಿಸಿದ ನೀರನ್ನು ಅದೇ ಕೆರೆಗೆ ಬಿಡಬೇಕು, ಇನ್ನೊಂದು ಕೆರೆಗೆ ಒಯ್ಯಬಾರದು. ಹಡಗುಗಳ ಬ್ಯಾಲಾಸ್ಟ್ ನೀರಿನೊಂದಿಗೆ ಬಂದ ಝೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪುಜೀವಿ 1988ರಲ್ಲಿ ಉತ್ತರ ಅಮೆರಿಕದ ದೊಡ್ಡ ಸರೋವರಗಳ ಪ್ರದೇಶದಲ್ಲಿ ಸಿಕ್ಕಿತು. ಮುಂದೆ ಅದು ನೀರಿನ ಕೊಳವೆಗಳನ್ನೇ ಮುಚ್ಚಿಹಾಕಿತು. ಉಣಕಲ್ ಕೆರೆಗೆ ಅಂತರಗಂಗೆ ಕೊಟ್ಟ ಕಾಟವನ್ನು ಹುಬ್ಬಳ್ಳಿಯವರಿಗೆ ನಾನು ಹೇಳಬೇಕಿಲ್ಲ. ಆ ಗಿಡದ ಒಂದು ತುಂಡು ಚೀಲದ ಬಾಯಿಗೋ ಬೋಟಿನ ತಳಕ್ಕೋ ಅಂಟಿಕೊಂಡು ಇನ್ನೊಂದು ಕೆರೆಗೆ ಹೋದರೆ ಸಾಕು, ಅಲ್ಲಿಯೂ ಹಬ್ಬುತ್ತದೆ. ಅದಕ್ಕೇ ತಿಳಿದವರು ಚೀಲಗಳನ್ನು ಪೂರ್ತಿ ಬರಿದು ಮಾಡಿ, ಬಾಯಿ ಬಿಚ್ಚಿ, ಬಿಸಿಲಿಗೆ ಹರವಿ ಒಣಗಿಸುತ್ತಾರೆ.